ನಿಮಗಿದು ಗೊತ್ತೇ? ಆಟಿಸಂ ಇರುವ ಮಗು ದೊಡ್ಡದಾದ ಮೇಲೆ

ಆಟಿಸಂ ಎಂದರೆ ಮಕ್ಕಳದ್ದು, ವಯಸ್ಸಾದಂತೆ ಹೋಗುತ್ತದೆ ಎಂದುಕೊಂಡಿದ್ದೀರಾ? ಅದು ಕಾಯಿಲೆಯಲ್ಲ. ಮಿದುಳು ಬೆಳೆಯುವ ರೀತಿಯೇ ಬೇರೆ, ಬದುಕಿನುದ್ದಕ್ಕೂ ಜೊತೆಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ತಮಿಳುನಾಡಿನ ಸೇಲಂ ಜಿಲ್ಲೆಯ ನೇಕಾರರ ಪಟ್ಟಣ ಎಡಪ್ಪಾಡಿಯ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 54 ಸಾವಿರ. ಅದೇ ಲೆಕ್ಕ ಇಲ್ಲಿಗೂ ಹೊಂದುವುದಾದರೆ ನಾನೂರಕ್ಕೂ ಹೆಚ್ಚು ಜನ. ಅವರಲ್ಲಿ ದೊಡ್ಡವರೇ ಹೆಚ್ಚು ಇರಬೇಕು. ಮಗ್ಗ ನಡೆಸುತ್ತಾ, ನೂಲು ಸುತ್ತುತ್ತಾ, ಸಂಸಾರ ಮಾಡುತ್ತಾ ಇದ್ದಾರೆ. ಊರು ಅವರನ್ನು ಕರೆಯುವುದು ಮಾತ್ರ ಹಟಮಾರಿ, ಯಾರ ಜೊತೆಗೂ ಸೇರದವನು, ಕೊಬ್ಬಿನವಳು ಎಂದು.

ಆಟಿಸಂ ಎಂದು ಗುರುತಿಸಲಾದ ಮೊದಲಿಗರಲ್ಲಿ ಒಬ್ಬರು 89 ವರ್ಷ ಬದುಕಿದ್ದರು. ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದ ಮೊದಲ ಮಗು ಅಮೆರಿಕದ ಮಿಸಿಸಿಪಿ ರಾಜ್ಯದ ಡೊನಾಲ್ಡ್ ಟ್ರಿಪ್ಲೆಟ್. ಮುಂದೆ ಅವರು ತಮ್ಮೂರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ಒಬ್ಬರೇ ಊರೂರು ಸುತ್ತಿದರು. 2023ರಲ್ಲಿ ತೀರಿಕೊಂಡರು. ಮನೆಯವರಿಗೆ ಅನುಕೂಲವಿತ್ತು ನಿಜ. ಆದರೆ ಆ ಸಣ್ಣ ಊರು ಅವರನ್ನು ಇದ್ದ ಹಾಗೆಯೇ ಒಪ್ಪಿಕೊಂಡಿತ್ತು ಎಂಬುದು ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ಮಗ್ಗದ ಸದ್ದಿಗೂ ಆಟಿಸಂಗೂ ಏನು ಸಂಬಂಧ? ಬಹಳ ಇದೆ. ಪವರ್‌ಲೂಮ್ ಶೆಡ್ಡಿನೊಳಗಿನ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ದಾಟುತ್ತದೆ. ಅಷ್ಟು ಸದ್ದಿನಲ್ಲಿ ದಿನವಿಡೀ ಇದ್ದರೆ ಯಾರ ಕಿವಿಗೂ ಹಾನಿ. ಆಟಿಸಂ ಇರುವ ಅನೇಕರಿಗೆ ಅದು ಸದ್ದಲ್ಲ, ನೋವು. ಇನ್ನು ಕೆಲವರು ತದ್ವಿರುದ್ಧ: ಒಂದೇ ಲಯದ ಮಗ್ಗದ ಸದ್ದು ಅವರಿಗೆ ನೆಮ್ಮದಿ, ಕುಕ್ಕರಿನ ಸೀಟಿ ಸಹಿಸಲಾಗದು. ಗಂಜಿ ಹಾಕಿದ ಪಂಚೆ, ಅಂಗಿಯ ಕೊರಳಪಟ್ಟಿಯ ಲೇಬಲ್, ಟ್ಯೂಬ್‌ಲೈಟಿನ ಮಿನುಗು, ಬಾಯಿಗೆ ಅಂಟುವ ಬೆಂಡೆಕಾಯಿ, ಒಬ್ಬೊಬ್ಬರಿಗೂ ಒಂದೊಂದು. ಈ ಇಂದ್ರಿಯ ಸೂಕ್ಷ್ಮತೆಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು 2013ರಲ್ಲಿ. ಬೀದಿಯ ಎರಡೂ ಬದಿ ಮಗ್ಗ ಓಡುವ ಊರಿನಲ್ಲಿ ಒಬ್ಬನಿಗೆ ಕಿವಿ ಮುಚ್ಚುವ ಇಯರ್‌ಮಫ್ ಕೊಡಿಸುವುದು ಸಣ್ಣ ಖರ್ಚು. ಅವನು ಅದನ್ನು ಹಾಕಿಕೊಂಡಾಗ ಯಾರೂ ನಗದಿರುವುದಕ್ಕೆ ಆ ಖರ್ಚೂ ಬೇಕಿಲ್ಲ.

ಕಣ್ಣಿಗೆ ಕಣ್ಣು ಕೊಟ್ಟು ಮಾತಾಡದವರೆಲ್ಲ ಸುಳ್ಳು ಹೇಳುತ್ತಿಲ್ಲ. ಕಣ್ಣು ತಪ್ಪಿಸಿದಾಗಲೇ ನಿಮ್ಮ ಮಾತು ಅವರಿಗೆ ಚೆನ್ನಾಗಿ ಕೇಳಿಸುತ್ತಿರಬಹುದು.

‘ಮದುವೆ ಮಾಡಿದರೆ ಸರಿಹೋಗುತ್ತಾನೆ.’ ಸರಿಹೋಗುವುದಿಲ್ಲ, ಮದುವೆ ಆಟಿಸಂಗೆ ಔಷಧವಲ್ಲ. ಹಾಗೆಂದು ಮದುವೆಗೆ ಅದು ಅಡ್ಡಿಯೂ ಅಲ್ಲ. ಸಂಗಾತಿಯನ್ನು ಪ್ರೀತಿಸಿ, ಮಕ್ಕಳನ್ನು ಬೆಳೆಸುವ ಆಟಿಸಂ ಇರುವವರು ಎಷ್ಟೋ ಮಂದಿ. ತೊಡಕು ಬೀಳುವುದು ಹೇಳದೆ ಬಿಟ್ಟ ಮಾತಿನಲ್ಲಿ. ‘ಅಕ್ಕಿ ಮುಗೀತಾ ಬಂತು’ ಎಂದು ಹೆಂಡತಿ ಹೇಳಿದರೆ ಗಂಡನಿಗೆ ಅದು ಬರೀ ಸುದ್ದಿ. ತರಬೇಕೆಂಬುದು ಹೊಳೆಯಲಿಲ್ಲ, ಅವಳಿಗೆ ಅಸಡ್ಡೆ ಎನಿಸಿತು, ಮಾತು ಬೆಳೆಯಿತು. ‘ಸಾಯಂಕಾಲ ಬರುವಾಗ ಐದು ಕೆ.ಜಿ. ಅಕ್ಕಿ ತನ್ನಿ’ ಎಂದರೆ ಜಗಳವೇ ಇಲ್ಲ. ಹೆಣ್ಣು ನೋಡುವ ಶಾಸ್ತ್ರದ ಅರ್ಧ ಗಂಟೆಯಲ್ಲಿ ನೆಂಟರ ಎದುರು ಮಾತಾಡಲಾಗದವರು ವಾಟ್ಸ್ಯಾಪಿನಲ್ಲಿ ಬರೆದು ಮನಸ್ಸು ಬಿಚ್ಚಿಡಬಲ್ಲರು. ಹಿರಿಯರು ಅದಕ್ಕೆ ಎಡೆ ಕೊಡಬೇಕು. ವಿಷಯ ಗೊತ್ತಿದ್ದರೆ ಮುಚ್ಚಿಟ್ಟು ಮದುವೆ ಮಾಡುವುದು ಇಬ್ಬರಿಗೂ ಅನ್ಯಾಯ.

ಅರ್ಥವಾಗದಿರುವುದು ಒಂದೇ ಕಡೆಯ ದೋಷವಲ್ಲ ಎಂದು 2012ರಲ್ಲಿ ಬರೆದವರು ಬ್ರಿಟನ್ನಿನ ಡೇಮಿಯನ್ ಮಿಲ್ಟನ್. ಸ್ವತಃ ಆಟಿಸಂ ಇರುವ ವಿದ್ವಾಂಸ. 2020ರಲ್ಲಿ ಪ್ರಕಟವಾದ ಎಡಿನ್‌ಬರೋ ಸಂಶೋಧಕರ ಪ್ರಯೋಗವೊಂದರಲ್ಲಿ ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಲು ಹೇಳಿದರು. ಆಟಿಸಂ ಇರುವವರೇ ತುಂಬಿದ್ದ ಸಾಲು ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿಸಿತು.

ಹೆಣ್ಣುಮಕ್ಕಳಲ್ಲಿ ಆಟಿಸಂ ಕಣ್ಣಿಗೆ ಬೀಳುವುದು ಕಡಿಮೆ. ಅಕ್ಕಪಕ್ಕದವರ ನಗು, ಮಾತಿನ ಧಾಟಿ ನೋಡಿ ಕಲಿತು ಹಾಗೆಯೇ ನಡೆದುಕೊಳ್ಳುತ್ತಾರೆ. ಮದುವೆಮನೆಯಲ್ಲಿ ಎಲ್ಲರನ್ನೂ ಮಾತಾಡಿಸಿ ಬಂದು ಎರಡು ದಿನ ಕೋಣೆಯ ಬಾಗಿಲು ಹಾಕಿಕೊಳ್ಳುವ ಸೊಸೆಗೆ ಸೋಮಾರಿತನವಲ್ಲ, ದಣಿವು.

ಚೌಡೇಶ್ವರಿ ಅಮ್ಮನ ಹಬ್ಬದ ತಮಟೆ, ಅಲಗು ಸೇವೆಯ ಕೂಗು, ಪಳನಿಗೆ ಹೊರಡುವ ಕಾವಡಿಯ ಜನಸಂದಣಿ ಕೆಲವರಿಗೆ ತಡೆಯಲಾಗದಷ್ಟು ಆಗುತ್ತದೆ. ಆಗ ಕೂಗಾಡಿದರೆ, ಅತ್ತರೆ, ಅಥವಾ ಪೂರ್ತಿ ಮೌನವಾದರೆ ಬೈಯಬೇಡಿ, ಪ್ರಶ್ನೆ ಕೇಳಬೇಡಿ, ಮುಟ್ಟಬೇಡಿ. ಸದ್ದಿಲ್ಲದ ಜಾಗಕ್ಕೆ ಕರೆದುಕೊಂಡು ಹೋಗಿ ಕಾಯಿರಿ.

ಆಟಿಸಂ ಇದೆ, ಎರಡು ಭಾಷೆ ಬೇಡ, ಮನೆಯಲ್ಲೂ ತಮಿಳೇ ಆಡಿ ಎಂದು ಯಾರಾದರೂ ಹೇಳಿದ್ದಾರೆಯೇ? 2012ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಇರುವ ಮಕ್ಕಳ ಮಾತು ಅದರಿಂದ ಹೆಚ್ಚೇನೂ ಹಿಂದುಳಿದಿರಲಿಲ್ಲ. ಸೇಲಂ ಕಡೆಯ ಎಷ್ಟೋ ದೇವಾಂಗ ನೇಕಾರರ ಮನೆಯಲ್ಲಿ ಇಂದಿಗೂ ಕನ್ನಡವೇ. ಅದನ್ನು ಒಬ್ಬ ಮಗನಿಗೆ ಮಾತ್ರ ಮುಚ್ಚಿದರೆ ಅವನು ದೊಡ್ಡವನಾದಾಗ ಅಜ್ಜಿಯ ಜೊತೆಗೂ ಮಾತಿಲ್ಲದವನಾಗುತ್ತಾನೆ.

ಮಗುವಿಗೆ ಆಟಿಸಂ ಎಂದು ತಿಳಿದ ಮೇಲೆ ‘ನಾನೂ ಹೀಗೇ ಇದ್ದೆನಲ್ಲ’ ಎಂದು ತಂದೆಗೋ ತಾಯಿಗೋ ಹೊಳೆಯುವುದು ಅಪರೂಪವಲ್ಲ. ಇದರಲ್ಲಿ ವಂಶದ ಪಾಲು ದೊಡ್ಡದು. ದೊಡ್ಡವರಾದ ಮೇಲೂ ಪರೀಕ್ಷೆ ಮಾಡಿಸಬಹುದು. ವೈದ್ಯರು ಬಾಲ್ಯದ ವಿಚಾರ ಕೇಳುತ್ತಾರೆ, ಆದ್ದರಿಂದ ಅಮ್ಮನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ. ಸೇಲಂ, ಧರ್ಮಪುರಿ ಎರಡರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಒಂದು. ಪ್ರಮಾಣಪತ್ರದಲ್ಲಿ ಶೇ. 40 ಅಥವಾ ಹೆಚ್ಚು ಎಂದಿದ್ದರೆ ಸರ್ಕಾರಿ ನೌಕರಿಯ ಮೀಸಲಾತಿಗೆ ಅರ್ಜಿ ಹಾಕಬಹುದು. 18 ದಾಟಿದವರಿಗೆ ಪಾಲಕರು ಬೇಕೇಬೇಕಾದರೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಜಿಲ್ಲಾ ಸಮಿತಿ ನೇಮಿಸುತ್ತದೆ. ಎಲ್ಲರಿಗೂ ಅದರ ಅಗತ್ಯವಿಲ್ಲ.

ಖಿನ್ನತೆ, ಆತಂಕ ಆಟಿಸಂ ಇರುವ ದೊಡ್ಡವರಲ್ಲಿ ಉಳಿದವರಿಗಿಂತ ಹೆಚ್ಚು. ನೀವೋ ನಿಮ್ಮವರೋ ಕುಗ್ಗಿದ್ದರೆ ತಡಮಾಡದೆ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ: 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಇದೆ, ತಮಿಳಿನ ಜೊತೆ ಕನ್ನಡದಲ್ಲೂ ಮಾತಾಡಬಹುದು.