ಹೇಬಿಯಸ್ ಕಾರ್ಪಸ್: ಬೆಂಗಳೂರಿನ ಬಂದಿಗಳ ಸೋಲು ಮತ್ತು ಅದರ ಪಾಠ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ—ಈ ಊರುಗಳಲ್ಲಿ ಎಲ್ಲಿಯೋ ಒಬ್ಬನನ್ನು ಪೋಲೀಸರು ಹಿಡಿದೊಯ್ದರೆಂದು ಭಾವಿಸೋಣ. ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಅವನನ್ನು ಸಮೀಪದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ಅನುಚ್ಛೇದವು ವಿಧಿಸುತ್ತದೆ. ನಿವಾರಕ ಬಂಧನವು ಇದಕ್ಕೆ ಒಂದು ಅಪವಾದ. ಬಂಧನವು ಕಾನೂನಿಗೆ ವಿರುದ್ಧವೆಂದು ಕಂಡಲ್ಲಿ ಅವನ ತಂದೆಯಾಗಲಿ, ಹೆಂಡತಿಯಾಗಲಿ, ಮಿತ್ರನಾಗಲಿ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಸಲ್ಲಿಸಬಹುದು. ಬಂದಿಯನ್ನು ತಂದು ನಿಲ್ಲಿಸು, ಬಂಧನಕ್ಕೆ ಆಧಾರವನ್ನು ತೋರಿಸು ಎಂಬುದೇ ಈ ಆಜ್ಞೆಯ ತಿರುಳು. ಸಕ್ಷಮ ನ್ಯಾಯಾಲಯವು ವಿಧಿಸಿದ ಶಿಕ್ಷೆಯನ್ನು ಅನುಭವಿಸುತ್ತಿರುವವನಿಗಾದರೋ ಸಾಮಾನ್ಯವಾಗಿ ಅಪೀಲೇ ಮಾರ್ಗವಲ್ಲದೆ ಇದಲ್ಲ.

ಈ ಆಜ್ಞೆಯನ್ನು ತಾಲ್ಲೂಕಿನ ನ್ಯಾಯಾಲಯವು ಹೊರಡಿಸಲಾರದು. 226ನೆಯ ಅನುಚ್ಛೇದದ ಮೇರೆಗೆ ಆ ಅಧಿಕಾರವು ಉಚ್ಚ ನ್ಯಾಯಾಲಯದ್ದು. 1956ರ ನವೆಂಬರ್ 1ಕ್ಕೆ ಮುನ್ನ ಈ ಭಾಗದವರು ಅದಕ್ಕಾಗಿ ಮುಂಬಯಿಗೆ ಹೋಗಬೇಕಾಗಿತ್ತು, ಅನಂತರ ಬೆಂಗಳೂರಿಗೆ. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠವು ಆರಂಭವಾಗಿ 2013ರಲ್ಲಿ ಖಾಯಂ ಆದುದರಿಂದ ದಾರಿಯು ಹತ್ತಿರವಾಗಿದೆ. ಆದರೆ ನ್ಯಾಯಾಲಯವು ಹತ್ತಿರವಿದ್ದ ಮಾತ್ರಕ್ಕೆ ಸಾಲದು. ಅದರ ಬಾಗಿಲು ತೆರೆದಿರಬೇಕು. ಒಮ್ಮೆ ಅದು ಮುಚ್ಚಿದ ಪ್ರಸಂಗವನ್ನು ನಾವು ಮರೆಯಲಾಗದು.

1975ರ ಜೂನ್ 25ರಂದು ತುರ್ತು ಪರಿಸ್ಥಿತಿಯು ಘೋಷಿತವಾಯಿತು. ಸಂಸದೀಯ ಸಮಿತಿಯ ಕಾರ್ಯಕ್ಕಾಗಿ ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಎಲ್. ಕೆ. ಅಡ್ವಾಣಿ, ಎಸ್. ಎನ್. ಮಿಶ್ರ, ಮಧು ದಂಡವತೆ ಇವರು ಮರುದಿನವೇ ಬಂಧಿತರಾದರು. ಜೂನ್ 27ರಂದು ರಾಷ್ಟ್ರಪತಿಗಳು 359ನೆಯ ಅನುಚ್ಛೇದದನ್ವಯ ಆದೇಶ ಹೊರಡಿಸಿ, 14, 21 ಮತ್ತು 22ನೆಯ ಅನುಚ್ಛೇದಗಳ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನೇ ತಡೆದರು. ಆದರೂ ಬಂದಿಗಳು ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಅರ್ಜಿ ಹೂಡಿದರು. ಇಂತಹ ಅರ್ಜಿಗಳು ವಿಚಾರಣೆಗೆ ಅರ್ಹವೆಂದು ಅದೂ ಸೇರಿ ದೇಶದ ಒಂಬತ್ತು ಉಚ್ಚ ನ್ಯಾಯಾಲಯಗಳು ಅಭಿಪ್ರಾಯಪಟ್ಟುವು. ಸರಕಾರಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಅಪೀಲು ಹೋದುವು.

1976ರ ಏಪ್ರಿಲ್ 28ರಂದು ಬಂದಿಗಳು ಸೋತರು. ಮುಖ್ಯ ನ್ಯಾಯಾಧೀಶ ಎ. ಎನ್. ರೇ, ಎಂ. ಎಚ್. ಬೇಗ್, ವೈ. ವಿ. ಚಂದ್ರಚೂಡ್, ಪಿ. ಎನ್. ಭಗವತಿ ಈ ನಾಲ್ವರ ತೀರ್ಪಿನಂತೆ, ಬಂಧನವು ಕಾನೂನುಬಾಹಿರವೆಂದಾಗಲಿ ದುರುದ್ದೇಶಪೂರಿತವೆಂದಾಗಲಿ ಹೇಳಿ ಅರ್ಜಿ ಸಲ್ಲಿಸುವ ಅಧಿಕಾರವು ಯಾರಿಗೂ ಉಳಿಯಲಿಲ್ಲ. ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ತಾಳಿದರು. ಜೀವ ಮತ್ತು ಸ್ವಾತಂತ್ರ್ಯಗಳಿಗೆ 21ನೆಯ ಅನುಚ್ಛೇದವೊಂದೇ ಆಶ್ರಯವಲ್ಲ; ಅದಿಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಅವುಗಳನ್ನು ಹರಣಮಾಡುವ ಅಧಿಕಾರವು ರಾಜ್ಯಕ್ಕಿಲ್ಲವೆಂಬುದು ಅವರ ವಾದ. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಮೀರಿ ಬೇಗ್ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲು ಖನ್ನಾ ರಾಜೀನಾಮೆಯಿತ್ತರು.

ಆ ಸೋಲು ಕೊನೆಯ ಮಾತಾಗಲಿಲ್ಲ. 1978ರ 44ನೆಯ ತಿದ್ದುಪಡಿಯು, ತುರ್ತು ಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ಅನುಚ್ಛೇದಗಳ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಯಲಾಗದೆಂದು ವಿಧಿಸಿತು. 2017ರ ಆಗಸ್ಟ್ 24ರಂದು, ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಒಂಬತ್ತು ನ್ಯಾಯಾಧೀಶರ ಪೀಠವು 1976ರ ತೀರ್ಪನ್ನು ತಳ್ಳಿಹಾಕಿತು. ಹಾಗೆ ಬರೆದವರಲ್ಲಿ ವೈ. ವಿ. ಚಂದ್ರಚೂಡರ ಪುತ್ರ ಡಿ. ವೈ. ಚಂದ್ರಚೂಡರೂ ಒಬ್ಬರು.

ಈ ಮೊಕದ್ದಮೆಯನ್ನು ಕೇವಲ ಪ್ರಮುಖ ರಾಜಕಾರಣಿಗಳ ಕಥೆಯೆಂದು ವಿದ್ಯಾರ್ಥಿಗಳು ಓದಬಾರದು. 1976ರ ತೀರ್ಪು ಅಥಣಿಯ ರೈತನಿಗೂ ನಿಪ್ಪಾಣಿಯ ಬೀಡಿ ಕಾರ್ಮಿಕಳಿಗೂ ಅಷ್ಟೇ ಅನ್ವಯಿಸುತ್ತಿತ್ತು. ಹೆಸರುವಾಸಿಯಾದವರ ಬಂಧನ ನಾಡಿಗೇ ತಿಳಿಯುತ್ತದೆ. ಹೆಸರಿಲ್ಲದವರಿಗೆ ಮನೆಯವರು ಬರೆದ ಅರ್ಜಿಯೊಂದೇ ಗತಿ. ಆ ಅರ್ಜಿಯನ್ನು ಕೇಳುವ ನ್ಯಾಯಾಲಯವಿರುವುದೇ ಸ್ವಾತಂತ್ರ್ಯದ ನಿಜವಾದ ಕಾವಲು ಎಂದು ನಾವು ತಿಳಿಯುತ್ತೇವೆ.