ರಾತ್ರಿ ಕುಡಿದವರಿಗೆ ಬೆಳಗ್ಗೆಯೂ ಕೇಸ್ ಬೀಳಬಹುದು: ಕಾನೂನು ಏನು ಹೇಳುತ್ತದೆ?

ಬಿ.ಸಿ.ರೋಡ್: ಮದುವೆ ಸೀಸನ್ ಬಂತೆಂದರೆ ಹಿಂದಿನ ರಾತ್ರಿಯ ಮೆಹಂದಿ, ಊಟ, ಡಿಜೆ ಎಲ್ಲ ಮುಗಿಯುವಾಗ ಹನ್ನೆರಡು ದಾಟಿರುತ್ತದೆ. ಆ ಹೊತ್ತಿನಲ್ಲಿ ಬೈಕ್ ಸ್ಟಾರ್ಟ್ ಮಾಡುವವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: "ಸ್ವಲ್ಪ ತಗೊಂಡದ್ದಷ್ಟೇ ಮಾರಾಯ್ರೆ, ಏನೂ ಆಗುದಿಲ್ಲ." ಆದರೆ ಈ "ಸ್ವಲ್ಪ" ಎಷ್ಟು ಎಂಬುದನ್ನು ಕಾನೂನು ಮಿಲಿಗ್ರಾಂ ಲೆಕ್ಕದಲ್ಲೇ ಬರೆದಿಟ್ಟಿದೆ.

ಮಿತಿ ಎಷ್ಟು?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 185ರ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಬಾರದು. ವಾಹನ ಓಡಿಸಿದರೆ ಮಾತ್ರವಲ್ಲ, ಓಡಿಸಲು ಯತ್ನಿಸಿದರೂ ಅಪರಾಧ. ಬ್ರ್ಯಾಂಡಿ, ಬಿಯರ್, ಕಳ್ಳು ಎಂಬ ಭೇದ ಇಲ್ಲ. "ಕಳ್ಳು ಆರೋಗ್ಯಕ್ಕೆ ಒಳ್ಳೇದು" ಎಂದರೆ ಮೆಷಿನ್ ಕೇಳುವುದಿಲ್ಲ.

ಒಂದು ಅಂದಾಜು ಲೆಕ್ಕ ನೋಡಿ. 60 ಮಿಲಿ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಮದ್ಯಸಾರ ಇರುತ್ತದೆ. 65 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಇದನ್ನು ಬೇಗ ಕುಡಿದರೆ ರಕ್ತದಲ್ಲಿ 45 ಮಿ.ಗ್ರಾಂ ಆಸುಪಾಸಿಗೆ ಹೋಗಬಹುದು. ಅಂದರೆ ಒಂದೇ ಲಾರ್ಜ್ ಪೆಗ್‌ಗೆ ಮಿತಿ ದಾಟಿತು. 650 ಮಿಲಿಯ ಒಂದು ಸ್ಟ್ರಾಂಗ್ ಬಿಯರಿನಲ್ಲಿ ಇದಕ್ಕಿಂತ ಹೆಚ್ಚೇ ಮದ್ಯಸಾರ ಇರುತ್ತದೆ. ತೂಕ ಕಡಿಮೆ ಇದ್ದವರಲ್ಲಿ ಮತ್ತು ಮಹಿಳೆಯರಲ್ಲಿ ಈ ಪ್ರಮಾಣ ಇನ್ನೂ ಏರುತ್ತದೆ.

ಬೆಳಗ್ಗೆ ಯಾಕೆ ಸಿಕ್ಕಿಬೀಳುತ್ತಾರೆ?

ಮದ್ಯಸಾರವನ್ನು ಕರಗಿಸುವ ಕೆಲಸ ಮುಖ್ಯವಾಗಿ ಲಿವರಿನದ್ದು. ಅದು ಗಂಟೆಗೆ ಸರಾಸರಿ 15 ಮಿ.ಗ್ರಾಂನಷ್ಟು ಇಳಿಸುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದರಿಂದಲೂ ಈ ವೇಗ ಹೆಚ್ಚಾಗುವುದಿಲ್ಲ. ರಾತ್ರಿ 12ರ ಹೊತ್ತಿಗೆ ಒಂದು ಕ್ವಾರ್ಟರ್, ಅಂದರೆ 180 ಮಿಲಿ ಮುಗಿಸಿದವರ ರಕ್ತದಲ್ಲಿ ಸುಮಾರು 135 ಮಿ.ಗ್ರಾಂ ಇದ್ದರೆ, ಅದು 30ಕ್ಕೆ ಇಳಿಯಲು 7 ಗಂಟೆ ಬೇಕು. ಬೆಳಗ್ಗೆ 6ಕ್ಕೆ ಬಸ್, ಟಿಪ್ಪರ್, ಶಾಲಾ ವಾಹನ ಸ್ಟಾರ್ಟ್ ಮಾಡುವ ಚಾಲಕ ನಿದ್ದೆ ಮಾಡಿ ಎದ್ದಿದ್ದರೂ ಅವನ ರಕ್ತದಲ್ಲಿ ಇನ್ನೂ 45 ಮಿ.ಗ್ರಾಂ ಉಳಿದಿರಬಹುದು.

ಮೊದಲು ಹೋಗುವುದು ಅಂದಾಜು

ಕಾಲು ತಡವರಿಸುವುದಕ್ಕೆ ಮೊದಲೇ ಅಂದಾಜು ತಪ್ಪುತ್ತದೆ. ಎದುರಿನ ವಾಹನ ಎಷ್ಟು ದೂರ ಇದೆ, ಓವರ್‌ಟೇಕ್‌ಗೆ ಜಾಗ ಸಾಕೇ ಎಂಬ ಲೆಕ್ಕ ಕೈಕೊಡುತ್ತದೆ. ಆದರೆ ಧೈರ್ಯ ಹೆಚ್ಚುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಹೋಗುತ್ತದೆ. ಬ್ರೇಕ್ ಒತ್ತಲು ಅರ್ಧ ಸೆಕೆಂಡ್ ತಡವಾದರೆ 8 ಮೀಟರ್ ಮುಂದೆ ಹೋಗಿ ಆಯಿತು. ಬಿ.ಸಿ.ರೋಡ್, ಮೆಲ್ಕಾರ್, ಕಲ್ಲಡ್ಕ, ಮಾಣಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಾಗಲಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಾಗಲಿ, ಮಳೆಗಾಲದ ರಾತ್ರಿ ಆ 8 ಮೀಟರ್ ದೊಡ್ಡ ಅಂತರ.

ಊದುದಿಲ್ಲ ಎಂದರೆ?

ಸಮವಸ್ತ್ರದಲ್ಲಿರುವ ಪೊಲೀಸರಿಗೆ ಅನುಮಾನ ಬಂದರೆ ಸೆಕ್ಷನ್ 203ರಡಿ ಉಸಿರಿನ ಪರೀಕ್ಷೆ ಮಾಡಬಹುದು. ಸಕಾರಣವಿಲ್ಲದೆ ನಿರಾಕರಿಸಿದರೆ ಬಚಾವಾಗುವುದಿಲ್ಲ. ಸೆಕ್ಷನ್ 205ರ ಪ್ರಕಾರ ಆ ನಿರಾಕರಣೆಯೇ ಕೋರ್ಟಿನಲ್ಲಿ ವಿರುದ್ಧ ನಿಲ್ಲುತ್ತದೆ. ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವೂ ಪೊಲೀಸರಿಗಿದೆ. ಹಾಗೆಯೇ ಬಂಧಿತರಿಗೂ ಒಂದು ರಕ್ಷಣೆ ಇದೆ. ಸೆಕ್ಷನ್ 202ರಂತೆ ಬಂಧಿಸಿದ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ಬಿಡುಗಡೆ ಮಾಡಬೇಕು.

ದಂಡ ಎಷ್ಟು?

2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ:

- ಮೊದಲ ಸಲ: 6 ತಿಂಗಳವರೆಗೆ ಜೈಲು ಅಥವಾ 10,000 ರೂ. ದಂಡ ಅಥವಾ ಎರಡೂ.
- ಮತ್ತೊಮ್ಮೆ ಸಿಕ್ಕಿದರೆ: 2 ವರ್ಷದವರೆಗೆ ಜೈಲು ಅಥವಾ 15,000 ರೂ. ದಂಡ ಅಥವಾ ಎರಡೂ.
- ಲೈಸೆನ್ಸ್: ಪೊಲೀಸರು ಅದನ್ನು ಆರ್‌ಟಿಒಗೆ ಕಳಿಸುತ್ತಾರೆ. ವಿಚಾರಣೆ ನಡೆಸಿ ಮೊದಲ ಸಲ 3 ತಿಂಗಳು ಅನರ್ಹಗೊಳಿಸಬಹುದು, ಮತ್ತೆ ಮಾಡಿದರೆ ರದ್ದುಪಡಿಸಬಹುದು.

ಹೆಲ್ಮೆಟ್ ಕೇಸಿನ ಹಾಗೆ ಇದನ್ನು ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸಲಿಕ್ಕೆ ಆಗುವುದಿಲ್ಲ. ಕೋರ್ಟಿಗೇ ಹೋಗಬೇಕು. ಕುಡಿದವರೆಂದು ಗೊತ್ತಿದ್ದೂ ವಾಹನ ಬಿಡಲು ಪ್ರೇರೇಪಿಸಿದವರಿಗೆ ಸೆಕ್ಷನ್ 188ರಡಿ ಅದೇ ಶಿಕ್ಷೆ ಇದೆ. ಹಾಗಾಗಿ ಕೀ ಕೊಡುವ ಗೆಳೆಯನೂ ಯೋಚಿಸಬೇಕು.

ಯಾರಾದರೂ ಸತ್ತರೆ

ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106ರಡಿ 5 ವರ್ಷದವರೆಗೆ ಜೈಲು. ಅಪಾಯ ಗೊತ್ತಿದ್ದೇ ಓಡಿಸಿದ್ದು ಎಂದು ಸಾಬೀತಾದರೆ ಕೊಲೆಯಲ್ಲದ ನರಹತ್ಯೆಯ ಕೇಸೇ ಆಗಬಹುದು. 2006ರಲ್ಲಿ ಮುಂಬೈಯ ಬಾಂದ್ರಾದಲ್ಲಿ ಕುಡಿದು ಓಡಿಸಿದ ಕಾರಿಗೆ ಸಿಕ್ಕಿ ಫುಟ್‌ಪಾತಿನಲ್ಲಿ ಮಲಗಿದ್ದ 7 ಮಂದಿ ಸತ್ತರು. ಚಾಲಕನಿಗೆ ಇಂಥದ್ದೇ ಕಲಮಿನಡಿ ಆದ 3 ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು.

ಇನ್ಶೂರೆನ್ಸ್ ಕೂಡ ಕೈಬಿಡುತ್ತದೆ. ಕುಡಿದು ಓಡಿಸಿದ್ದು ಖಚಿತವಾದರೆ ಸ್ವಂತ ವಾಹನದ ಹಾನಿಗೆ ಕಂಪನಿ ಹಣ ನಿರಾಕರಿಸಬಹುದು. ಉಸಿರಿನ ಪರೀಕ್ಷೆ ಆಗದಿದ್ದರೂ ಬೇರೆ ಸಾಕ್ಷ್ಯದಿಂದ ಅದನ್ನು ತೋರಿಸಬಹುದು ಎಂದು 2021ರ ಎಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಲ ಮಾಡಿ ಕೊಂಡ ಗಾಡಿ ಗುಜರಿಗೆ ಹೋದರೂ ಕಂತು ಮಾತ್ರ ಮನೆಯವರು ಕಟ್ಟಬೇಕು.

ಏನು ಮಾಡಬಹುದು?

ಮೆಹಂದಿಗೆ ಶಾಮಿಯಾನ, ಡಿಜೆ ಗೊತ್ತು ಮಾಡುವಾಗಲೇ ಕುಡಿಯದ ಇಬ್ಬರು ಡ್ರೈವರ್‌ಗಳನ್ನೂ ಒಂದು ಜೀಪನ್ನೂ ಗೊತ್ತು ಮಾಡಿಕೊಳ್ಳಬಹುದು. ದೂರದವರಿಗೆ ಅಲ್ಲೇ ಚಾಪೆ ಹಾಸಿ ಕೊಡಬಹುದು. ಬಸ್, ಲಾರಿ ಮಾಲೀಕರು ಬೆಳಗ್ಗಿನ ಮೊದಲ ಟ್ರಿಪ್ ಕೊಡುವ ಮೊದಲು ಚಾಲಕನ ಹತ್ತಿರ ಎರಡು ಮಾತಾಡಿದರೂ ಸಾಕು, ವಾಸನೆಯಿಂದಲೇ ಗೊತ್ತಾದೀತು. ಸಂಶಯ ಬಂದರೆ ಆ ಟ್ರಿಪ್ ಬೇರೆಯವರಿಗೆ ಕೊಡುವುದೇ ಕ್ಷೇಮ.