ಯಾವ ಮಹಾದೇವ?

ಗಾಂಧೀಜಿ ಜೊತೆಗಿದ್ದ ಮಹಾದೇವ ಯಾರು?
ದೇಸಾಯಿ ಅಂತೀರಾ? ಸರಿ.
ಆದ್ರೆ ಇನ್ನೊಬ್ಬರೂ ಇದ್ರು!

ಹಾವೇರಿ ಸೀಮೆಯ ಐರಣಿ ಕಡೆ "ಮಾದೇವಾ" ಅಂತ ಕೂಗಿ ನೋಡಿ.
ನಾಲ್ಕು ಜನ ತಿರುಗ್ತಾರೆ.
ಬ್ಯಾಡಗಿ ಮೆಣಸಿನಕಾಯಿ ರಾಶಿ ಇದ್ದಂಗೆ,
ದೂರದಿಂದ ಎಲ್ಲಾ ಒಂದೇ ಕೆಂಪು.

ಅದೇ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು ಆ ಇನ್ನೊಬ್ಬ ಮಹಾದೇವರ ಊರು.
1930. ದಂಡಿ ಯಾತ್ರೆ.
ಸಾಬರಮತಿಯಿಂದ ಹೊರಟವರ ಪಟ್ಟಿಯಲ್ಲಿ ಒಂದು ಹೆಸರು:
ಮಹಾದೇವ ಮಾರ್ತಾಂಡ. ವಯಸ್ಸು 18.
ಕರ್ನಾಟಕದಿಂದ ಅವರೊಬ್ಬರೇ!
ಮಾರ್ತಾಂಡಪ್ಪ ಅಂದ್ರೆ ಅಪ್ಪ.
ನಮ್ಮ ಬಾಯಲ್ಲಿ ಅವರು ಮೈಲಾರ ಮಹಾದೇವಪ್ಪ.

ದೇಸಾಯಿ ತೀರಿಕೊಂಡದ್ದು 1942ರ ಆಗಸ್ಟ್ 15.
ಪುಣೆಯ ಆಗಾ ಖಾನ್ ಅರಮನೆ, ಬಂಧನದಲ್ಲಿ.

ಎಂಟು ತಿಂಗಳೂ ಆಗಿರಲಿಲ್ಲ.
1943ರ ಏಪ್ರಿಲ್ 1, ಹೊಸರಿತ್ತಿ.
ಬ್ರಿಟಿಷರ ಕಂದಾಯದ ಹಣ ಇಟ್ಟಿದ್ದ ಜಾಗಕ್ಕೆ ಮಹಾದೇವಪ್ಪ ಮತ್ತು ಜೊತೆಗಾರರು ನುಗ್ಗಿದ್ರು.
ಗುಂಡು ಹಾರಿತು.
ಮಹಾದೇವಪ್ಪ ಬಿದ್ರು.
ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ.

ಹಾಂ, ದೇವನೂರ ಮಹಾದೇವ ಬೇರೆ!
ಅವರು ಮೈಸೂರು ಸೀಮೆಯವರು,
'ಕುಸುಮಬಾಲೆ' ಬರೆದವರು.

ನಮ್ಮ ಮಹಾದೇವಪ್ಪನ ಹೆಸರು ನೋಡ್ಬೇಕಾ?
ಹಾವೇರಿ ರೈಲು ನಿಲ್ದಾಣಕ್ಕೆ ಬನ್ನಿ.
ನಿಲ್ದಾಣಕ್ಕೇ ಅವರ ಹೆಸರು.